ಬೂತಾಯಿ ತೊಳೆದ ಕೆಸರು

ಬೂತಾಯಿ ಮೀನು ತೊಳೆದ ನೀರಿನ ವಾಸನೆ ಬಂದರೆ ಈಗಲೂ ನಾನು ಮೂಗು ಮುಚ್ಚಿಕೊಳ್ಳುತ್ತೇನೆ.

ಬೋಳಾರದ ನಮ್ಮ ಮನೆಯ ಹಿಂದೆ ಅಜ್ಜಿ ಮೀನು ತೊಳೆಯುವ ಕಲ್ಲಿತ್ತು. ಆ ನೀರು ನಿಂತ ಕಪ್ಪು ಕೆಸರನ್ನು ತೋಡಿಕೊಂಡು ನಮ್ಮ ನಾಯಿ ಟಾಮಿ ಮೇ ತಿಂಗಳಿಡೀ ಅದರಲ್ಲೇ ಬಿದ್ದಿರುತ್ತಿತ್ತು. ಹೊಟ್ಟೆಗೆ ಮೀನಿನ ಕರುಳು ಅಂಟಿರುತ್ತಿತ್ತು, ಕಿವಿಯ ತುಂಬ ನೊಣ. ಒಂದು ಮಧ್ಯಾಹ್ನ ಅದು ಹಾಗೆಯೇ ಬಂದು ನನ್ನ ತೊಡೆಗೆ ಮೈ ಉಜ್ಜಿತು. ನಾನು ಅದನ್ನು ದೂರ ತಳ್ಳಿದೆ. ಪೈಪಿನ ನೀರು ಬಿಟ್ಟು ತೊಳೆದು, ಒಣಗಲಿ ಎಂದು ತಾರಸಿಗೆ ಎಳೆದೊಯ್ದು ಟ್ಯಾಂಕಿನ ಪೈಪಿಗೆ ಕಟ್ಟಿದೆ.

ಹಪ್ಪಳ ತೆಗೆಯಲು ಬಂದ ಅಜ್ಜಿ ಕಾದ ನೆಲಕ್ಕೆ ಬರಿಗಾಲು ಊರಿದವರೇ ಹಿಂದಕ್ಕೆ ಹಾರಿದರು. ಟಾಮಿ ಒಂದೊಂದೇ ಕಾಲು ಎತ್ತಿ ಎತ್ತಿ ಇಡುತ್ತಿತ್ತು.

"ಎಂತ ಮಾರಾಯ ಇದು?"

"ಅದು ನಾರ್ತದೆ ಅಜ್ಜಿ."

ಅವರು ನನ್ನ ಪಾದ ನೋಡಿದರು. "ನಿನಗೆ ಚಪ್ಪಲಿ ಉಂಟಲ್ಲ."

ನಾಯಿಯನ್ನು ಕೆಳಗೊಯ್ದು ಅದೇ ಕೆಸರಿಗೆ ಬಿಟ್ಟು, ಮೇಲೊಂದು ಕೊಡ ನೀರು ಸುರಿದರು. ಟಾಮಿ ಹಾಯಾಗಿ ಕಣ್ಣು ಮುಚ್ಚಿ ಮಲಗಿತು.

ಅದನ್ನು ಕಟ್ಟಿದ್ದು ತಾನು ಎಂದು ಅಣ್ಣ ಈಗ ಹೇಳುತ್ತಾನೆ. ಇರಬಹುದು, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೆ ಅಣ್ಣ ಆಗೆಲ್ಲ ಮನೆಯಲ್ಲಿ ಚಪ್ಪಲಿ ಹಾಕುತ್ತಲೇ ಇರಲಿಲ್ಲ.