ಸೌಂಡ್ ಇಲ್ಲದ ಫೈಟಿಂಗ್

ಟಿವಿಯಲ್ಲಿ ಉದ್ದ ಪೊಲೀಸನಿಗೂ ಗಿಡ್ಡ ಪೊಲೀಸನಿಗೂ ಜಗಳ ಹತ್ತಿಕೊಂಡಿತ್ತು. ನೌಪಾಡಾದ ಆ ಹೋಟೆಲಿನಲ್ಲಿ ಊಟದ ಗಿರಾಕಿಗಳು ಮುಗಿದಿದ್ದರು, ಸಂಜೆಯ ಚಹಾದವರು ಬರಲು ಇನ್ನೂ ಹೊತ್ತಿತ್ತು. ಖಾಲಿ ಬೆಂಚಿನ ಒಂದು ತುದಿಯಲ್ಲಿ ಧರ್ಮಪಾಲ, ಇನ್ನೊಂದು ತುದಿಯಲ್ಲಿ ಅವನ ಹೆಂಡತಿಯ ಅಣ್ಣ ಜಯಶೀಲ. ನಡುವೆ ಮೂವರು ಕೂರುವಷ್ಟು ಜಾಗ. ಹೆಂಡತಿ ಹರಿಣಾಕ್ಷಿ ಗಲ್ಲಾದಲ್ಲಿದ್ದಳು. ಮೇಲಿನ ಅಟ್ಟದಲ್ಲಿ ವೇಟರುಗಳು ಮಲಗಿದ್ದರಿಂದ ಎಂದಿನಂತೆ ಟಿವಿಯ ಸೌಂಡ್ ಬಂದ್ ಮಾಡಿದ್ದಳು.

ಗಣಪತಿ ಹಬ್ಬ ಕಳೆದಾಗಿನಿಂದ ಭಾವಂದಿರಿಬ್ಬರಿಗೂ ಮಾತಿಲ್ಲ. ಅಡುಗೆಮನೆ ಜಯಶೀಲನದು. ಅವನನ್ನು ಒಂದು ಮಾತೂ ಕೇಳದೆ ಧರ್ಮಪಾಲ ಬೋರ್ಡಿನಲ್ಲಿ ‘ಶೆಜ್ವಾನ್ ದೋಸೆ’ ಎಂದು ಬರೆಸಿಬಿಟ್ಟಿದ್ದ. ಆ ಕೆಂಪು ಚೀನೀ ಚಟ್ನಿ ತನ್ನ ಕಾವಲಿಯ ಮೇಲೆ ಬೀಳಕೂಡದು ಎಂದು ಜಯಶೀಲ ಪಟ್ಟು ಹಿಡಿದ. ಅಂದಿನಿಂದ ಎಲ್ಲ ಮಾತೂ ಹರಿಣಾಕ್ಷಿಯ ಮೂಲಕವೇ. “ನಿನ್ನ ಗಂಡನಿಗೆ ಹೇಳು, ಉದ್ದಿನಬೇಳೆ ಮುಗಿಯಿತು.” “ನಿನ್ನ ಅಣ್ಣನಿಗೆ ಹೇಳು, ತರಿಸಿದ್ದೇನೆ.” ಹೀಗೆ ಹೇಳುವಾಗ ಇಬ್ಬರೂ ಕೈ ಚಾಚಿದರೆ ಸಿಗುವಷ್ಟು ಹತ್ತಿರವೇ ನಿಂತಿರುತ್ತಿದ್ದರು. ಈಗ ಜಯಶೀಲನ ಬ್ಯಾಗು ಗಲ್ಲಾದ ಕೆಳಗೆ ತಯಾರಾಗಿ ಕೂತಿತ್ತು. ಕಳಂಬೋಲಿಯ ಕಬ್ಬಿಣದ ಬಜಾರಿನಲ್ಲಿ ಒಂದು ಕ್ಯಾಂಟೀನು ಸಿಕ್ಕಿದೆ, ಸಂಜೆಗೆ ಹೊರಟೆ ಎಂದು ತಂಗಿಗೆ ತಿಳಿಸಿದ್ದ. ಅವಳಿಗೆ ಬೆಳಗಿನಿಂದ ಒಂದು ತುತ್ತೂ ಒಳಗೆ ಹೋಗಿರಲಿಲ್ಲ.

ಆದರೂ ಟಿವಿಯ ಚೀನೀ ಫೈಟಿಂಗ್ ಪಿಕ್ಚರ್ ಮಾತ್ರ ಇಬ್ಬರೂ ಬಿಟ್ಟವರಲ್ಲ. ದಿನಾ ಒಂದೇ ಕಥೆ. ಕಾನೂನು ಬಿಟ್ಟು ಕದಲದ ಉದ್ದ ಪೊಲೀಸ್, ಕೈಗಿಂತ ಮೊದಲು ಕಾಲೆತ್ತುವ ಗಿಡ್ಡ ಪೊಲೀಸ್, ಎಣ್ಣೆ-ಸೀಗೆಕಾಯಿ ಜೋಡಿ. ಅರ್ಧ ಪಿಕ್ಚರ್ ಅವರವರದೇ ಜಗಳ, ಇನ್ನರ್ಧ ಬೆನ್ನಿಗೆ ಬೆನ್ನು ಕೊಟ್ಟು ಕಂಡವರಿಗೆಲ್ಲ ಒದೆತ. “ಇದರಲ್ಲಿ ದಿನಾ ನೋಡ್ಲಿಕ್ಕೆ ಎಂತ ಉಂಟು?” ಎಂದು ಹರಿಣಾಕ್ಷಿ ಒಮ್ಮೆ ಕೇಳಿದ್ದಕ್ಕೆ, “ಕಳ್ಳ ದಿನಾ ಬೇರೆ ಇರ್ತಾನಲ್ಲ,” ಎಂದಿದ್ದ ಧರ್ಮಪಾಲ. ಜಯಶೀಲನಂತೂ ಗಂಟುನೋವಿನ ಕಾಲಿನಲ್ಲೇ ಫ್ರಿಜ್ಜಿನ ಬಾಗಿಲು ಒದ್ದು ಮುಚ್ಚುವ ವಿದ್ಯೆ ಕಲಿತಿದ್ದ. ಒಳ್ಳೆಯ ದಿನಗಳಲ್ಲಿ ಇಬ್ಬರೂ ಆ ಮೂಕ ಪೊಲೀಸರ ಬಾಯಿಗೆ ಮಾತು ಕಟ್ಟಿ, ತಾಳಮದ್ದಳೆಯ ಧಾಟಿಯಲ್ಲಿ ಅರ್ಥ ಹೇಳುತ್ತಿದ್ದರು. ಹರೆಯದಲ್ಲಿ ಡೊಂಬಿವಲಿಯ ಯಕ್ಷಗಾನ ಸಂಘದಲ್ಲಿ ಪಳಗಿದ ನಾಲಿಗೆಗಳು. ಉದ್ದದವನ ಮಾತು ಧರ್ಮಪಾಲನದು, ಗಿಡ್ಡದವನ ಮಾತು ಜಯಶೀಲನದು. ಚೀನಾದ ಪೊಲೀಸರು ಅಷ್ಟು ಚಂದದ ಕನ್ನಡ ಆಡುವುದನ್ನು ಕೇಳಲು ವೇಟರುಗಳು ನಿದ್ದೆ ಬಿಟ್ಟು ಇಳಿದು ಬರುತ್ತಿದ್ದುದೂ ಉಂಟು. ಹಬ್ಬದ ನಂತರ ಅದೂ ನಿಂತಿತ್ತು.

“ದೋಸೆಯೊಳಗೆ ಚೀನಾ ಬರಬಾರದು, ಟಿವಿಯೊಳಗೆ ಬರಬಹುದು,” ಎಂದು ಹರಿಣಾಕ್ಷಿ ಗೋಡೆಗೆ ಹೇಳುವಂತೆ ಹೇಳಿದಳು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಟಿವಿಯಲ್ಲಿ ಗಿಡ್ಡದವನು ಜಾರಿ ಹತ್ತನೆಯ ಮಹಡಿಯಿಂದ ನೇತಾಡುತ್ತಿದ್ದ, ಅವನ ಒಂದು ಕೈ ಉದ್ದದವನ ಮುಷ್ಟಿಯಲ್ಲಿತ್ತು. ಬಾಯಿ ಪಟಪಟನೆ ಏನೋ ಆಡುತ್ತಿತ್ತು. ಜಯಶೀಲನಿಗೆ ತಡೆಯಲಾಗಲಿಲ್ಲ.

“ಎಲೈ ಮಿತ್ರನೇ, ಬಿಡು ನನ್ನ ಕೈಯನ್ನು. ಕೇಳದೆ ಮಾಡುವವನ ಜೊತೆ ಬಾಳುವುದಕ್ಕಿಂತ ಹತ್ತು ಮಹಡಿ ಕೆಳಗೆ ಬೀಳುವುದೇ ಲೇಸು.”

ಧರ್ಮಪಾಲ ಗಂಟಲು ಸರಿಮಾಡಿಕೊಂಡ. “ಕೇಳಲಿಲ್ಲ, ಒಪ್ಪುತ್ತೇನೆ. ಕೇಳಿದ್ದರೆ ನೀನು ಬೇಡವೆನ್ನುತ್ತಿದ್ದೆ. ಆ ಅಂಜಿಕೆಯಿಂದಲ್ಲವೇ ಕೇಳದೆ ಉಳಿದದ್ದು?”

“ಬೇಡವೆನ್ನುವ ಅಧಿಕಾರವಾದರೂ ನನಗೆ ಬೇಡವೇ? ನಿನ್ನ ಮಗ್ಗುಲಲ್ಲಿ ಇಷ್ಟು ವರ್ಷ ಬೆಂಕಿಯ ಎದುರು ಬೆವರಿದವನು ನಾನು.”

ಅರ್ಥಕ್ಕೆ ಅರ್ಥ ಬೆಳೆಯಿತು. ಅದು ಮುಗಿಯಲಿ ಎಂದು ಪಿಕ್ಚರ್ ಕಾಯುತ್ತದೆಯೇ? ಟಿವಿಯ ಗಿಡ್ಡದವನು ಮೇಲೆ ಬಂದು, ಕಳ್ಳರನ್ನು ಒದ್ದು, ಬೇಡಿ ಹಾಕಿ ಆಗಿತ್ತು. ಈಗ ಜಾಹೀರಾತಿನಲ್ಲಿ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಬೆಂಚಿನ ಮೇಲಿನ ಗಿಡ್ಡದವನು ಮಾತ್ರ ಇನ್ನೂ ನೇತಾಡುತ್ತಲೇ ಇದ್ದ.

“ಕೊನೆಯ ಮಾತು. ಬಿಡು ಕೈ.”

“ಬಿಡಬಹುದಿತ್ತು,” ಎಂದ ಧರ್ಮಪಾಲ. ಅದು ಅರ್ಥ ಹೇಳುವ ಸ್ವರವಾಗಿರಲಿಲ್ಲ. “ಬಿಟ್ಟರೆ ನಾಳೆ ನಿನ್ನ ತಂಗಿಯ ಮುಖ ಹೇಗೆ ನೋಡಲಿ?”

ಹರಿಣಾಕ್ಷಿಯ ಕಣ್ಣು ತುಂಬಿತು. ಜಯಶೀಲ ಟಿವಿಯನ್ನು ನೋಡಿದ, ಬಟ್ಟೆ ಒಗೆಯುವ ಹೆಂಗಸನ್ನು ನೋಡಿದ, ಕೊನೆಗೆ ಬೇರೆ ದಾರಿಯಿಲ್ಲದೆ ಧರ್ಮಪಾಲನನ್ನೇ ನೋಡಿದ.

“ಪಿಕ್ಚರಲ್ಲಿ ಗಿಡ್ಡದವನಿಗೆ ತಂಗಿ ಇಲ್ಲ ಭಾವ.”

“ಗೊತ್ತುಂಟು ಭಾವ.”

ಅಷ್ಟರಲ್ಲಿ ಕಾಲೇಜಿನ ಹುಡುಗಿಯರಿಬ್ಬರು ಒಳಗೆ ಬಂದು, “ಅಂಕಲ್, ದೋ ಶೆಜ್ವಾನ್ ಡೋಸಾ,” ಎಂದರು. ಧರ್ಮಪಾಲ ಅಭ್ಯಾಸಬಲದಿಂದ ಹೆಂಡತಿಯ ಕಡೆ ತಿರುಗಿ, “ನಿನ್ನ ಅಣ್ಣನಿಗೆ” ಎಂದವನು ಅಲ್ಲಿಗೇ ನಿಲ್ಲಿಸಿದ. “ಭಾವ, ಮಾಡುವುದಾ, ಬೇಡವಾ? ನೀವು ಹೇಳಿದ ಹಾಗೆ.”

ಜಯಶೀಲ ಮೊಣಕಾಲು ಹಿಡಿದುಕೊಂಡು ಎದ್ದ. “ಮಾಡ್ತೇನೆ. ಆದ್ರೆ ಆ ಡಬ್ಬದ ಚಟ್ನಿ ಬೇಡ. ಬ್ಯಾಡಗಿ ಮೆಣಸು, ಬೆಳ್ಳುಳ್ಳಿ ಹಾಕಿ ನಾನೇ ಅರೀತೇನೆ.”

“ಬ್ಯಾಡಗಿ ಹಾಕಿದ್ರೆ ಅದು ಶೆಜ್ವಾನ್ ಹೇಗಾಗ್ತದೆ ಮಾರಾಯ್ರೆ?”

“ನೀವು ಚೀನಾಕ್ಕೆ ಹೋಗಿದ್ದೀರಾ?”

“ನೀವು ಹೋಗಿದ್ದೀರಾ?”

ಜಗಳ ಜೊತೆಯಾಗಿಯೇ ಅಡುಗೆಮನೆಗೆ ಹೋಯಿತು. ಗಲಾಟೆಗೆ ವೇಟರುಗಳು ಕಣ್ಣುಜ್ಜಿಕೊಳ್ಳುತ್ತ ಅಟ್ಟದಿಂದ ಇಳಿದರು. ಇನ್ನು ಯಾರ ನಿದ್ದೆ ಕೆಡುವುದು ಎಂದು ಹರಿಣಾಕ್ಷಿ ಟಿವಿಯ ಸೌಂಡ್ ಏರಿಸಿದಳು. “ಎರಡಲ್ಲ, ಮೂರು ಮಾಡಿ, ನನಗೂ ಹಸಿವಾಗ್ತಾ ಉಂಟು,” ಎಂದು ಒಳಗೆ ಕೂಗಿ ಹೇಳಿ, ಗಲ್ಲಾದ ಕೆಳಗಿದ್ದ ಬ್ಯಾಗನ್ನು ಗಿಡ್ಡ ಪೊಲೀಸನೂ ಮೆಚ್ಚುವಂತೆ ಒದ್ದಳು.