ಚಳಿಗೆ ಇಳಿದ ಉರಿ

ಹೆಪ್ಪು ಹಾಕಿದ ಹಾಲು ಚಳಿಗಾಲದಲ್ಲಿ ಮೊಸರಾಗದಿದ್ದರೆ ಚಳಿಯನ್ನು ದೂರುವ ನೀವು, ಗೋಬರ್ ಗ್ಯಾಸಿನ ಉರಿ ಇಳಿದರೆ ಮಾತ್ರ ಮನೆಗೆ ಬಂದ ಸೊಸೆಯನ್ನು ದೂರುವುದೇಕೆ?

ದೀಪಾವಳಿ ಕಳೆದ ಮೇಲೆ ಮದುವೆಯಾಗಿ ಬಂದವಳು ನೀಲಗಂಗಾ. ಎಳ್ಳಮಾವಾಸ್ಯೆಯ ಹೊತ್ತಿಗೆ ಒಲೆಯ ಉರಿ ಬೆರಳುದ್ದಕ್ಕೆ ಇಳಿದಿತ್ತು. ಅತ್ತೆ ಅವಳ ತಂದೆಗೆ ಹೇಳಿ ಕಳುಹಿಸಿದಳು: "ನಿಮ್ಮ ಮಗಳನ್ನ ಕರಕೊಂಡು ಹೋಗ್ರಿ. ಇಕಿ ಕಾಲ್ಗುಣಕ್ಕ ಅಗ್ನಿನೂ ನಮ್ಮ ಮನ್ಯಾಗ ನಿಲ್ಲವಲ್ದು."

ತಂದೆ ಬರಬೇಕಾದ ದಿನ ಬೆಳಿಗ್ಗೆ ನೀಲಗಂಗಾ ತಾನೇ ಫೋನು ಮಾಡಿ ಗ್ಯಾಸಿನ ಮಿಸ್ತ್ರಿಯನ್ನು ಕರೆಸಿದಳು. ಅವಳ ಅಳು ಎಂದೋ ಬತ್ತಿತ್ತು. ಅವನು ಸಗಣಿಯ ಕುಣಿಯೊಳಗೆ ಉಷ್ಣಮಾಪಕ ಇಳಿಬಿಡುವುದನ್ನು ನೋಡುತ್ತ ನಿಂತಳು.

"ಯವ್ವಾ, ಇದು ಯಾರ ಕಾಲ್ಗುಣನೂ ಅಲ್ಲ," ಎಂದು ಮಿಸ್ತ್ರಿ ಅತ್ತೆಗೆ ಹೇಳಿದ. "ಗ್ಯಾಸ್ ಹುಟ್ಟಿಸೋ ಸೂಕ್ಷ್ಮಜೀವಿಗಳಿಗೆ ಬೆಚ್ಚಗ ಇರಬೇಕು. ಚಳಿಗೆ ಸಗಣಿ ತಣ್ಣಗಾಗೇದ, ಅವು ಮುದುಡಿ ಕುಂತಾವ. ಶಿವರಾತ್ರಿ ಬಿಸಿಲಿಗೆ ಉರಿ ತಾನಾಗೇ ಏಳ್ತದ. ಪಾಪದ ಹುಡುಗಿನ್ನ ಯಾಕ ಬೈತೀರಿ?"

ತಾನು ಉಳಿದೆನೆಂದುಕೊಂಡು ನೀಲಗಂಗಾ ತಲೆಯೆತ್ತಿದಳು.

"ಹತ್ತು ವರ್ಷದಿಂದ ಇದ ಒಲಿ ಮ್ಯಾಲೆ ಅಡಗಿ ಮಾಡ್ತೀನಿ. ಚಳಿಗೆ ಉರಿ ಇಳೀತದಂತ ನನಗ ಗೊತ್ತಿಲ್ಲೇನೋ?" ಅತ್ತೆ ದನಿ ತಗ್ಗಿಸಿದಳು. "ನನ್ನ ಮಗಗ ಇಕಿ ಬ್ಯಾಡಂತ. ಬೀಗರಿಗೆ ಹೇಳಾಕ ಒಂದು ನೆವ ಬೇಕಾಗಿತ್ತು."

ಓದುಗರೇ, ಸೊಸೆಯೊಬ್ಬಳ ಮೇಲೆ ಇಂಥ ದೂರು ನಿಮ್ಮ ಕಿವಿಗೆ ಬಿದ್ದರೆ ದಯವಿಟ್ಟು ತಲೆದೂಗಬೇಡಿ. ಮೊದಲು ಅವಳ ಗಂಡನನ್ನು ಎದುರು ಕೂರಿಸಿ ಕೇಳಿ.