ಎರಡನೇ ಗೇರಿನ ಹಲ್ಲು

ಬಾಗಿಲು ಬಡಿದ ಸದ್ದಿಗೆ ಮುದ್ದಯ್ಯನ ಕೈತುತ್ತು ಅರ್ಧದಲ್ಲೇ ನಿಂತಿತು. ಕತ್ತಲಾದ ಮೇಲೆ ಗುಂಡ್ಲುಪೇಟೆಯ ಈರುಳ್ಳಿ ಮಂಡಿಯವನ ಮನೆಗೆ ಯಾರೂ ಬರುವುದಿಲ್ಲ. ಅವನು ಏಳುವ ಮೊದಲೇ ಹೆಂಡತಿ ಗಂಗಾಂಬಿಕೆ ಲಾಟೀನು ಹಿಡಿದು ಓಡಿದಳು. ಯಾರೆಂದು ಕೇಳದೆಯೇ ಅಗುಳಿ ತೆಗೆದಳು.

ಹೊಸ್ತಿಲಾಚೆ ನಿಂತಿದ್ದವನು ಲಿಂಗಯ್ಯ, ಚಾಮರಾಜನಗರದ ಮೋಟಾರು ಮೇಸ್ತ್ರಿ. ಹೆಗಲಲ್ಲಿ ಸ್ಪ್ಯಾನರು, ಬಿಡಿಭಾಗಗಳ ಚೀಲ, ತಲೆಯಲ್ಲಿ ಘಮಘಮಿಸುವ ಎಣ್ಣೆ.

"ಗೇರ್‌ಬಾಕ್ಸು ಮತ್ತೆ ಕೂಗ್ತಾ ಅದಂತಲ್ಲ ಯಜಮಾನ್ರೇ. ಹೇಳಿ ಕಳ್ಸಿದ್ರು, ಬಂದೆ."

"ಯಾರು ಹೇಳಿ ಕಳಿಸಿದ್ದು?"

"ಮನೆಯವ್ರು."

ಮುದ್ದಯ್ಯನ ಎದೆಯಲ್ಲಿ ಕೆಂಡ ಬಿತ್ತು. ಮನೆಯವರು! ತನಗೆ ಗೊತ್ತಿಲ್ಲದಂತೆ ಚಾಮರಾಜನಗರಕ್ಕೆ ಸುದ್ದಿ ಮುಟ್ಟಿಸಿದ ಮನೆಯವರು!

ಲಿಂಗಯ್ಯ ಬರಿಯ ಮೇಸ್ತ್ರಿಯಾಗಿದ್ದರೆ ಚಿಂತೆಯಿರಲಿಲ್ಲ. ಅವನು ಗಂಗಾಂಬಿಕೆಯ ಸೋದರಮಾವನ ಮಗ. ವರಸೆಯ ಪ್ರಕಾರ ಅವಳನ್ನು ಕೇಳುವ ಮೊದಲ ಹಕ್ಕು ಅವನದಾಗಿತ್ತು. ಮಂಡಿಯ ಯಜಮಾನನೆದುರು ಆ ಹಕ್ಕು ತೂಗಲಿಲ್ಲ. ಗೆದ್ದವನು ಮುದ್ದಯ್ಯ, ಆದರೆ ನಿದ್ದೆಗೆಟ್ಟವನೂ ಗೆದ್ದವನೇ.

ನೀಲಗಿರಿಯ ತೋಟದವರೊಬ್ಬರಿಂದ ಆ ಹಳೆಯ ಮೋಟಾರು ಕಾರನ್ನು ಕೊಂಡು ವರ್ಷವೂ ಕಳೆದಿರಲಿಲ್ಲ. ಕೊಂಡ ದಿನವೇ ಎತ್ತು, ಗಾಡಿ ಎರಡನ್ನೂ ಮಾರಿದ್ದ. ಅವನ ತಾಯಿ ಪುಟ್ಟಸಿದ್ದಮ್ಮ ಮಾತ್ರ ಅಂದು ಊಟ ಬಿಟ್ಟಿದ್ದಳು. ಗಂಡ ತೀರಿದ ಮೇಲೆ ಹಂಗಳದ ಹೊಲವನ್ನೂ ಎದೆಹಾಲಿನ ಮಗನನ್ನೂ ಒಂಟಿಯಾಗಿ ಸಾಕಿದ ಹೆಂಗಸು. ಎತ್ತು ಹೋದ ಮೇಲೆ ಹೊಲದ ಮುಖ ಕಂಡಿರಲಿಲ್ಲ.

ಬೆಳಿಗ್ಗೆ ಹಿತ್ತಿಲಿನಲ್ಲಿ ಗೋಣಿತಟ್ಟು ಹಾಸಿ ಮುದ್ದಯ್ಯ, ಲಿಂಗಯ್ಯ ಇಬ್ಬರೂ ಗೇರ್‌ಬಾಕ್ಸನ್ನು ಇಳಿಸಿದರು. ಎಣ್ಣೆ ಬಸಿದಾಗ ಬಾಣಲೆಯ ತಳದಲ್ಲಿ ಉಕ್ಕಿನ ಪುಡಿ ಮಿಂಚಿತು. ಲಿಂಗಯ್ಯ ಚಕ್ರವೊಂದನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದ.

"ನೋಡಿ, ಎರಡನೇ ಗೇರು ನಮ್ಮನ್ನ ನೋಡಿ ಹಲ್ಲು ಕಿರೀತಾ ಅದೆ. ಅರ್ಧ ಹಲ್ಲೇ ಇಲ್ಲ. ಕೂಗ್ದೆ ಇನ್ನೇನ್ ಮಾಡೀತು? ಅದ್ಕೇ ಗೇರು ನಿಲ್ದೆ ಕಳಚಿ ಬೀಳ್ತಿರೋದು."

"ಹೋದ ತಿಂಗಳು ತಾನೇ ಹೊಸದು ಹಾಕಿದ್ದು!"

"ಇದು ನಿಮ್ಮ ಕೈಯಲ್ಲ. ಯಾರೋ ಕ್ಲಚ್ಚು ತುಳೀದೆ ಗೇರಿನ ಕಡ್ಡೀನ ಹಿಂದಕ್ಕೆ ಜಗ್ಗವ್ರೆ. ಹೊಸ ಕೈ." ಲಿಂಗಯ್ಯ ಅಡಿಗೆಮನೆಯ ಕಿಟಕಿಯತ್ತ ನೋಡಿ ಮೀಸೆಯಡಿಯಲ್ಲಿ ನಕ್ಕ. ಒಳಗೆ ಪಾತ್ರೆಯೊಂದು ಠಣ್ಣೆಂದು ಬಿತ್ತು.

ಗಂಗಾಂಬಿಕೆ ಕಾಫಿ ತಂದಳು. "ಕೈಯೆಲ್ಲಾ ಮಸಿ ಮಾಡ್ಕೊಂಡಿದ್ಯಲ್ಲ ಬಾವ. ಲೋಟ ಹಿಡಿಯೋಕೂ ಆಳು ಬೇಕೇನೋ?"

"ನೀನು ಹಿಡುದ್ರೆ ಬ್ಯಾಡ ಅಂದೇನಾ?"

ಅವಳು ಕಿಲಕಿಲ ನಕ್ಕಳು. ಮದುವೆಯಾಗಿ ಬಂದಂದಿನಿಂದ ಮುದ್ದಯ್ಯನೆದುರು ಅವಳು ಹಾಗೆ ನಕ್ಕದ್ದಿಲ್ಲ. ಅವನು ಸ್ಪ್ಯಾನರನ್ನು ಗೋಣಿತಟ್ಟಿನ ಮೇಲೆ ಎಸೆದ. ಲೆಕ್ಕ ಸರಿಹೋಯಿತು: ಗೇರು ಕೆಟ್ಟರೆ ಮೇಸ್ತ್ರಿ ಬರುತ್ತಾನೆ; ಮೇಸ್ತ್ರಿ ಬರಬೇಕಾದರೆ ಗೇರು ಕೆಡಬೇಕು.

ಅವಳನ್ನು ಒಳಕೋಣೆಗೆ ಕರೆದ.

"ನಾನಿಲ್ಲದಾಗ ಮೋಟಾರು ಓಡಿಸುವವರು ಯಾರು?"

ಅವಳ ಮುಖದ ನಗೆ ಆರಿತು. "ಮಾತು ಕೊಟ್ಟಿದ್ದೀನಿ. ನನ್ನ ಬಾಯಿಂದ ಬರೋದಿಲ್ಲ."

"ಯಾರಿಗೆ ಕೊಟ್ಟೆ ಮಾತು?"

ಅವಳು ಸೆರಗು ಸಿಕ್ಕಿಸಿಕೊಂಡು ಅಡಿಗೆಮನೆಯತ್ತ ತಿರುಗಿದಳು.

"ಈರುಳ್ಳಿ ಲಾರಿಯಲ್ಲಿ ಊಟಿಗೆ ಹೋಗಿ ಬರುತ್ತೇನೆ. ಬರುವಷ್ಟರಲ್ಲಿ ಹೆಸರು ಹೇಳುವುದಿಲ್ಲವೆಂದರೆ ತವರಿಗೆ ನಡೆ. ಮತ್ತೆ ಈ ಹೊಸ್ತಿಲು ತುಳಿಯಕೂಡದು."

ಬಾಗಿಲಲ್ಲಿ ಪುಟ್ಟಸಿದ್ದಮ್ಮ ನಿಂತಿದ್ದಳು. "ಅವ್ಳ ತಂಟೆಗೆ ಓಗ್ಬ್ಯಾಡ ಕಣ್ಲಾ. ಅವ್ಳದೇನೂ ತೆಪ್ಪಿಲ್ಲ. ಒಸಿ ನನ್ ಮಾತು ಕೇಳು..."

"ಸುಮ್ಮನಿರವ್ವ!" ಮುದ್ದಯ್ಯ ಮೆಟ್ಟು ಮೆಟ್ಟಿ ಹೊರನಡೆದ. ಹೆತ್ತವಳಿಗೂ ಮಂಕುಬೂದಿ ಎರಚಿದ್ದಾಳೆ ಈ ಮಾಯಗಾತಿ!

ಆದರೆ ಅವನು ಊಟಿಗೆ ಹೋಗಲಿಲ್ಲ. ಹಂಗಳದ ಹಾದಿಯಲ್ಲಿ ಲಾರಿಯಿಂದ ಇಳಿದು ಹುಣಸೆಮರದ ಮರೆಗೆ ಸೇರಿದ. ತಾನಿಲ್ಲವೆಂದು ತಿಳಿದರೆ ಜೋಡಿ ಗೂಡು ಬಿಟ್ಟು ಹೊರಬೀಳದೆ ಇರುವುದುಂಟೆ?

ಮಧ್ಯಾಹ್ನ ಇಳಿಯುವ ಹೊತ್ತಿಗೆ ದೂರದಲ್ಲಿ ಧೂಳೆದ್ದಿತು. ತನ್ನದೇ ಮೋಟಾರು! ಲಿಂಗಯ್ಯ ಜೋಡಿಸಿದ ಹೊಸ ಗೇರು ಈಗ ಬೆಣ್ಣೆಯಂತೆ ಓಡುತ್ತಿತ್ತು. ಎಡಗಡೆಯ ಸೀಟಿನಲ್ಲಿ ಲಿಂಗಯ್ಯ. ಅವನ ಪಕ್ಕದಲ್ಲಿ ಸ್ಟೀರಿಂಗಿನ ಹಿಂದೆ ಗಾಳಿಗೆ ಪಟಪಟಿಸುವ ಸೆರಗು. ಗಾಜಿನ ಮೇಲೆ ಬಿಸಿಲು ಕುಣಿದು ಮುಖ ಕಾಣಲಿಲ್ಲ. ಮುಖವೇಕೆ ಬೇಕು? ಓಡಿಹೋಗುತ್ತಿದ್ದಾರೆ!

ಮುದ್ದಯ್ಯ ಕಲ್ಲೊಂದನ್ನು ಎತ್ತಿಕೊಂಡು ನಡುರಸ್ತೆಗೆ ಹಾರಿದ.

"ಬ್ರೇಕು! ಬ್ರೇಕು ತುಳೀರಿ!" ಲಿಂಗಯ್ಯ ಕಿರುಚಿದ. ಬ್ರೇಕು ಯಾರೂ ತುಳಿಯಲಿಲ್ಲ. ಗೇರಿನ ಕಡ್ಡಿಯನ್ನು ಎರಡೂ ಕೈಗಳು ಮೂಗುದಾರ ಜಗ್ಗಿದಂತೆ ಹಿಂದಕ್ಕೆ ಜಗ್ಗಿದವು. ಎರಡನೇ ಗೇರು ಪ್ರಾಣ ಹೋದಂತೆ ಅರಚಿತು. "ಹೋ! ಹೋ ಬಸವಾ, ಹೋ!" ಎಂಬ ಕೂಗಿನೊಡನೆ ಮೋಟಾರು ಕುಲುಕಿ, ಅವನ ಮೊಣಕಾಲಿಗೆ ಮೂತಿ ತಾಗಿಸಿ ನಿಂತಿತು.

ಹಿಂದಿನ ಸೀಟಿನಲ್ಲಿ ಗಂಗಾಂಬಿಕೆ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಕುಳಿತಿದ್ದಳು.

ಮುದ್ದಯ್ಯನ ಕೈಯಿಂದ ಕಲ್ಲು ಕೆಳಗೆ ಬಿತ್ತು. ಸ್ಟೀರಿಂಗಿನ ಕಡೆಯ ಕಿಟಕಿಯಿಂದ ಕೈಯೊಂದು ಹೊರಬಂದಿತು. ಬಳೆಯಿಲ್ಲದ ಕೈ.

"ನಿನ್ ಲಾರಿ ಹಿಡಿಯಕ್ಕೇ ಬಂದೆ ಕಣ್ಲಾ. ಒಲಕ್ಕೆ ಓಗೋ ಆಸೆಗೆ ಕದ್ದು ಓಡ್ಸಿ ಹಲ್ಲು ಮುರಿದಿದ್ದು ನಾನು, ಬೈಯೋದಾದ್ರೆ ನನ್ ಬೈಯಿ!"

ಸ್ಟೀರಿಂಗಿನ ಹಿಂದೆ ಕುಳಿತಿದ್ದವಳು ಪುಟ್ಟಸಿದ್ದಮ್ಮ.